ಗೋಧಿ ಒಗ್ಗದ ಕರುಳು, ಗಟ್ಟಿಯಾಗದ ಮೂಳೆ

ಶಾಲೆಯ ಪ್ರಯೋಗಶಾಲೆಯಲ್ಲಿ ಈ ಪ್ರಯೋಗವನ್ನು ನೀವು ನೋಡಿರಬಹುದು. ಕೋಳಿಯ ಕಾಲಿನ ಮೂಳೆಯೊಂದನ್ನು ಕೆಲವು ದಿನ ವಿನೆಗರಿನಲ್ಲಿ ಮುಳುಗಿಸಿಟ್ಟು ಹೊರತೆಗೆದರೆ ಅದು ರಬ್ಬರಿನಂತೆ ಬಾಗುತ್ತದೆ. ಆಕಾರ ಹಾಗೆಯೇ ಇರುತ್ತದೆ. ಗಟ್ಟಿತನ ಮಾತ್ರ ಇರುವುದಿಲ್ಲ. ಮೂಳೆಯಲ್ಲಿದ್ದ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಆಮ್ಲದಲ್ಲಿ ಕರಗಿಹೋಗಿರುತ್ತದೆ. ಉಳಿದಿರುವುದು ಕೊಲಾಜೆನ್ ಎಂಬ ಪ್ರೋಟೀನಿನ ಹಂದರ. ಮೂಳೆ ಬಲವಾಗಿರಬೇಕಾದರೆ ಈ ಹಂದರಕ್ಕೆ ಸುಣ್ಣದ ಗಾರೆ ಸದಾ ಬೀಳುತ್ತಲೇ ಇರಬೇಕು.

ಆ ಸುಣ್ಣ ಬರುವುದು ನಾವು ಉಣ್ಣುವ ಅನ್ನಾಹಾರದಿಂದ. ಆದರೆ ತಟ್ಟೆಯಿಂದ ಮೂಳೆಗೆ ನೇರ ದಾರಿಯಿಲ್ಲ, ನಡುವೆ ಸಣ್ಣಕರುಳಿದೆ. ಕರುಳು ಹೀರಿಕೊಂಡಷ್ಟು ಮಾತ್ರ ರಕ್ತಕ್ಕೆ, ರಕ್ತದಿಂದ ಮೂಳೆಗೆ. ಕರುಳೇ ಕೆಟ್ಟರೆ ಹಾಲು ಕುಡಿದೂ ಮುದ್ದೆ ಉಂಡೂ ಮಗುವಿನ ಮೂಳೆ ಸೊರಗಬಹುದು. ಸೀಲಿಯಾಕ್ ಎಂಬ ಕಾಯಿಲೆಯಲ್ಲಿ ಆಗುವುದು ಇದೇ. ಹೊಟ್ಟೆಯ ಕಾಯಿಲೆಯೊಂದು ಮೂಳೆಯನ್ನು ಕಾಡುವ ಬಗೆ ಹೇಗೆ, ಅದನ್ನು ತಡೆಯುವ ದಾರಿ ಯಾವುದು ಎಂಬುದನ್ನು ಇಲ್ಲಿ ನೋಡೋಣ.

ಗೋಧಿಯಲ್ಲಿ ಏನಿದೆ?

ಚಪಾತಿ ಹಿಟ್ಟು ಕಲಸುವಾಗ ಅದು ಜಿಗುಟಾಗಿ ಕೈಗೆ ಹತ್ತುವುದನ್ನೂ, ಎಳೆದರೆ ಹರಿಯದೆ ಹಿಗ್ಗುವುದನ್ನೂ ಗಮನಿಸಿದ್ದೀರಾ? ರಾಗಿ ಹಿಟ್ಟಿಗೆ ಈ ಗುಣವಿಲ್ಲ. ಈ ಜಿಗುಟಿಗೆ ಕಾರಣ ಗ್ಲೂಟೆನ್ ಎಂಬ ಪ್ರೋಟೀನು. ಗೋಧಿಯಲ್ಲಿ ಮಾತ್ರವಲ್ಲ, ಬಾರ್ಲಿ ಅಥವಾ ಜವೆಗೋಧಿಯಲ್ಲೂ ತಂಪು ದೇಶಗಳ ರೈ ಧಾನ್ಯದಲ್ಲೂ ಈ ಜಾತಿಯ ಪ್ರೋಟೀನುಗಳಿವೆ.

ನಮ್ಮಲ್ಲಿ ಹೆಚ್ಚಿನವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕೆಲವರಲ್ಲಿ ಹುಟ್ಟಿನಿಂದಲೇ ಬಂದ ಡಿಕ್ಯೂ-2 ಅಥವಾ ಡಿಕ್ಯೂ-8 ಎಂಬ ವಂಶವಾಹಿಗಳಿರುತ್ತವೆ. ಇವು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಇಲ್ಲದವರಿಗೆ ಬರುವುದು ತೀರ ಅಪರೂಪ. ಕಾಯಿಲೆ ಬಂದವರ ದೇಹ ಗ್ಲೂಟೆನ್ನಿನ ತುಣುಕುಗಳನ್ನು ಶತ್ರುವೆಂದು ಭಾವಿಸುತ್ತದೆ. ರೋಗಾಣುಗಳ ಮೇಲೆ ಹೂಡಬೇಕಾದ ಯುದ್ಧವನ್ನು ತನ್ನದೇ ಕರುಳಿನ ಮೇಲೆ ಹೂಡುತ್ತದೆ.

ಸಣ್ಣಕರುಳಿನ ಒಳಮೈ ಮಕಮಲ್ಲಿನ ಬಟ್ಟೆಯಂತೆ. ಅದರ ತುಂಬ ವಿಲ್ಲೈ ಎಂಬ ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿರುತ್ತವೆ. ಆಹಾರದ ಸಾರ ಹೀರುವುದು ಇವುಗಳ ಕೆಲಸ. ಸೀಲಿಯಾಕ್ ಕಾಯಿಲೆಯಲ್ಲಿ ಇವು ಸವೆದು, ಕೊಯ್ಲು ಮುಗಿದ ಹೊಲದಂತೆ ಕರುಳಿನ ಒಳಮೈ ಬೋಳಾಗುತ್ತದೆ.

ಪಥ್ಯದ ಗುಟ್ಟು ತಿಳಿದ ಬಗೆ

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲೇ ಈ ಕಾಯಿಲೆಯ ಸ್ಪಷ್ಟ ವರ್ಣನೆ ಕೊಟ್ಟಿದ್ದರು. ವಾಸಿಯಾಗುವುದಾದರೆ ಅದು ಪಥ್ಯದಿಂದಲೇ ಎಂದೂ ಅವರು ಊಹಿಸಿದ್ದರು. ಆದರೆ ಯಾವ ಪಥ್ಯ? ಅಕ್ಕಿ ಬೇಡ, ಚೆನ್ನಾಗಿ ಸುಟ್ಟ ತೆಳುವಾದ ಬ್ರೆಡ್ಡು ಆಗಬಹುದು ಎಂದರು ಗೀ. ಇಂದು ನಮಗೆ ಗೊತ್ತಿರುವುದು ಅದಕ್ಕೆ ತದ್ವಿರುದ್ಧ!

ಸರಿಯಾದ ಉತ್ತರ ಸಿಕ್ಕಿದ್ದು ನೆದರ್‌ಲ್ಯಾಂಡಿನಲ್ಲಿ. ಮಕ್ಕಳ ವೈದ್ಯ ವಿಲೆಮ್ ಡಿಕೆ ಅವರಿಗೆ ಗೋಧಿಯ ಮೇಲೆ ಮೊದಲಿನಿಂದಲೂ ಅನುಮಾನವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಆ ನಾಡಿಗೆ ಭೀಕರ ಬರಗಾಲ ಬಂತು; ಬ್ರೆಡ್ಡು ಸಿಗದಂತಾಯಿತು. ಇತರ ಮಕ್ಕಳು ಹಸಿವಿನಿಂದ ಬಳಲುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡದ್ದು, ಬ್ರೆಡ್ಡು ಮತ್ತೆ ಬಂದಾಗ ಅವರ ಕಾಯಿಲೆಯೂ ಮರಳಿದ್ದು ಅವರ ಅನುಮಾನವನ್ನು ಬಲಪಡಿಸಿತು. 1950ರಲ್ಲಿ ಅವರು ತಮ್ಮ ಮಹಾಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ತೋರಿಸಿಕೊಟ್ಟರು. ಅಂದಿನಿಂದ ಇಂದಿನವರೆಗೆ ಈ ಕಾಯಿಲೆಗೆ ಗ್ಲೂಟೆನ್ ಇಲ್ಲದ ಆಹಾರವೇ ಮುಖ್ಯ ಮದ್ದು.

ಸುಣ್ಣ ಸೋರಿಹೋಗುವ ದಾರಿಗಳು

ಮೂಳೆಗೆ ಪೆಟ್ಟು ಬೀಳುವುದು ಒಂದೇ ದಾರಿಯಿಂದಲ್ಲ.

ಮೊದಲನೆಯದು, ಹೀರುವಿಕೆಯ ಕೊರತೆ. ಕ್ಯಾಲ್ಸಿಯಂ ಅನ್ನು ಚುರುಕಾಗಿ ಎಳೆದುಕೊಳ್ಳುವುದು ಸಣ್ಣಕರುಳಿನ ಮೊದಲ ಭಾಗ. ಸೀಲಿಯಾಕ್ ಹೆಚ್ಚು ಹಾಳುಮಾಡುವುದೂ ಅದೇ ಭಾಗವನ್ನು.

ಎರಡನೆಯದು ಸಾಬೂನಿನ ಕತೆ. ಜಿಡ್ಡು ಮತ್ತು ಕ್ಷಾರ ಸೇರಿದರೆ ಸಾಬೂನಾಗುತ್ತದೆ ಎಂದು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಕರುಳು ಹೀರದೆ ಬಿಟ್ಟ ಕೊಬ್ಬಿನಾಮ್ಲಗಳು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಸಾಬೂನಿನಂಥ ವಸ್ತುವಾಗಿ ಮಲದೊಂದಿಗೆ ಹೊರಬೀಳುತ್ತವೆ. ಕೊಬ್ಬಿನಲ್ಲಿ ಕರಗುವ, ಆಹಾರದಿಂದ ಬರುವ ಡಿ ಜೀವಸತ್ವವೂ ಹೀಗೆಯೇ ನಷ್ಟವಾಗಬಹುದು. ಡಿ ಜೀವಸತ್ವ ಕಡಿಮೆಯಾದರೆ ಕ್ಯಾಲ್ಸಿಯಂ ಹೀರುವಿಕೆ ಇನ್ನಷ್ಟು ಕುಗ್ಗುತ್ತದೆ.

ಮೂರನೆಯದು ಸಾಲ ವಸೂಲಿ. ಹೃದಯ ಬಡಿಯಲು, ಸ್ನಾಯು ಕುಗ್ಗಿ ಹಿಗ್ಗಲು ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಮಟ್ಟದಲ್ಲಿ ಇರಲೇಬೇಕು. ಅದು ಇಳಿದಾಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನು ಸುರಿಸಿ ಮೂಳೆಯಿಂದ ಸುಣ್ಣವನ್ನು ಎಳೆಯುತ್ತವೆ. ದೇಹದ ಕ್ಯಾಲ್ಸಿಯಂನಲ್ಲಿ ಸುಮಾರು 99 ಭಾಗ ಇರುವುದು ಮೂಳೆ ಹಲ್ಲುಗಳಲ್ಲಿ. ಉಗ್ರಾಣ ಅಲ್ಲಿದ್ದ ಮೇಲೆ ವಸೂಲಿಯೂ ಅಲ್ಲಿಂದಲೇ!

ನಾಲ್ಕನೆಯದಾಗಿ, ಕರುಳಿನ ಉರಿಯೂತದಿಂದ ಹೊರಟ ರಾಸಾಯನಿಕ ಸಂದೇಶಗಳು ಮೂಳೆ ಕರಗಿಸುವ ಜೀವಕೋಶಗಳನ್ನು ಹುರಿದುಂಬಿಸುತ್ತವೆ.

ಬಾಲ್ಯವೇ ಏಕೆ ಮುಖ್ಯ?

ಮೂಳೆಯನ್ನು ಬ್ಯಾಂಕಿನ ಉಳಿತಾಯ ಖಾತೆ ಎಂದುಕೊಳ್ಳಿ. ಹುಟ್ಟಿನಿಂದ ಸುಮಾರು ಇಪ್ಪತ್ತರ ಹರೆಯದವರೆಗೆ ಜಮೆ ಹೆಚ್ಚು. ನಡುವಯಸ್ಸಿನ ನಂತರ ಖರ್ಚು ಹೆಚ್ಚು. ಜೀವಮಾನದ ಗರಿಷ್ಠ ಮೂಳೆ ಸಂಪತ್ತಿನ ಬಹುಪಾಲು ಹದಿನೆಂಟು ಇಪ್ಪತ್ತರೊಳಗೆ ಕೂಡಿಬರುತ್ತದೆ. ಅದರಲ್ಲೂ ನೀವೀಗ ಇರುವ ಹದಿಹರೆಯದಲ್ಲಿ ಜಮೆ ಬಲು ವೇಗ. ಈ ವರ್ಷಗಳು ಕಾಯಿಲೆಯಲ್ಲಿ ಕಳೆದುಹೋದರೆ ಮಗುವಿನ ಎತ್ತರ ಕುಂಠಿತವಾಗಬಹುದು, ಪ್ರಾಯಕ್ಕೆ ಬರುವುದು ತಡವಾಗಬಹುದು, ಸಣ್ಣ ಪೆಟ್ಟಿಗೂ ಮೂಳೆ ಮುರಿಯಬಹುದು.

ಸಮಾಧಾನದ ಸಂಗತಿಯೂ ಇದೆ. ಎಳೆಯ ವಯಸ್ಸಿನಲ್ಲೇ ಪತ್ತೆಯಾಗಿ ಪಥ್ಯವನ್ನು ಕಟ್ಟುನಿಟ್ಟಾಗಿ ನಡೆಸಿದರೆ ವಿಲ್ಲೈ ಮತ್ತೆ ಚಿಗುರುತ್ತವೆ. ಹೆಚ್ಚಿನ ಮಕ್ಕಳಲ್ಲಿ ಒಂದೆರಡು ವರ್ಷಗಳಲ್ಲಿ ಮೂಳೆಯ ಸಾಂದ್ರತೆ ಓರಗೆಯವರ ಸಮೀಪಕ್ಕೆ ಬರುತ್ತದೆ. ದೊಡ್ಡವರಾದ ಮೇಲೆ ಪತ್ತೆಯಾದರೆ ಚೇತರಿಕೆ ಇಷ್ಟು ಪೂರ್ಣವಾಗಿರುವುದಿಲ್ಲ.

ಪತ್ತೆ ಹೇಗೆ?

ಕಾಯಿಲೆ ಯಾವಾಗಲೂ ಭೇದಿ, ಹೊಟ್ಟೆಯುಬ್ಬರಗಳಿಂದಲೇ ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಬೆಳವಣಿಗೆ ನಿಂತಿರುವುದು, ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ, ಮೂಳೆನೋವು, ಇವಷ್ಟೇ ಸುಳಿವಾಗಿರಬಹುದು. ಮನೆಯಲ್ಲಿ ಒಬ್ಬರಿಗೆ ಇದ್ದರೆ ಅಣ್ಣತಮ್ಮ ಅಕ್ಕತಂಗಿಯರಿಗೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆಯ ಮಕ್ಕಳಲ್ಲೂ ಇದರ ಸಂಭವ ಹೆಚ್ಚು.

ಮೊದಲು ರಕ್ತದಲ್ಲಿ ಒಂದು ವಿಶಿಷ್ಟ ಪ್ರತಿಕಾಯವನ್ನು ಹುಡುಕುತ್ತಾರೆ. ಅನಂತರ ಸಾಮಾನ್ಯವಾಗಿ ಎಂಡೋಸ್ಕೋಪಿಯ ಮೂಲಕ ಕರುಳಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದು ಮಾತು ನೆನಪಿರಲಿ: ಪರೀಕ್ಷೆ ಮುಗಿಯುವವರೆಗೆ ಗೋಧಿ ಬಿಡಬಾರದು. ಬಿಟ್ಟರೆ ಪ್ರತಿಕಾಯ ಇಳಿದು, ಇರುವ ಕಾಯಿಲೆಯೂ ಇಲ್ಲವೆಂಬಂತೆ ಕಾಣಬಹುದು.

ಭಾರತದಲ್ಲಿ ಈ ಕಾಯಿಲೆ ಗೋಧಿ ಉಣ್ಣುವ ಉತ್ತರದಲ್ಲಿ ಹೆಚ್ಚು. 2016ರಲ್ಲಿ ಪ್ರಕಟವಾದ, ವಯಸ್ಕರನ್ನು ಕುರಿತ ಅಧ್ಯಯನವೊಂದರಲ್ಲಿ ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10 ಮಂದಿಗೆ ಇದು ಕಂಡಿತು. ನಮ್ಮಲ್ಲಿ ಕಡಿಮೆ ಎಂದು ನಿಶ್ಚಿಂತರಾಗಿ ಇರುವಂತಿಲ್ಲ. ಅಪರೂಪದ ಕಾಯಿಲೆ ನೆನಪಿಗೆ ಬರುವುದೂ ತಡವಾಗಿಯೇ.

ತಟ್ಟೆಯಲ್ಲೇ ಮದ್ದು

ಈ ಪಥ್ಯ ಜೀವನಪರ್ಯಂತ. ಕನ್ನಡ ನಾಡಿನ ಅಡುಗೆಮನೆಗೆ ಇದು ಅಷ್ಟೇನೂ ಕಷ್ಟವಲ್ಲ. ಅನ್ನ, ಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ಇಡ್ಲಿ, ಅವಲಕ್ಕಿ, ನವಣೆ, ಸಜ್ಜೆ, ಇವು ಯಾವುದರಲ್ಲೂ ಗ್ಲೂಟೆನ್ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಳಕೆ ಬರಿಸಿದರೆ ಅದು ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. 13ರಿಂದ 15 ವರ್ಷದವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. ಒಂದು ದೊಡ್ಡ ಲೋಟ ಹಾಲಿನಿಂದ ಅದರ ಕಾಲುಭಾಗ ಬರುತ್ತದೆ. ಕರುಳು ಕೆಟ್ಟಿರುವಾಗ ಕೆಲವು ಮಕ್ಕಳಿಗೆ ಹಾಲು ಒಗ್ಗದಿರಬಹುದು. ಕರುಳು ಸುಧಾರಿಸಿದಂತೆ ಸಾಮಾನ್ಯವಾಗಿ ಇದೂ ಸರಿಹೋಗುತ್ತದೆ. ಬಿಸಿಲು ಮತ್ತು ಆಟ ಎರಡೂ ಬೇಕು. ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳ ಅಗತ್ಯ ಮತ್ತು ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಕಷ್ಟವಿರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಉಪ್ಪಿಟ್ಟು, ಕೇಸರಿಭಾತು, ರವೆ ಇಡ್ಲಿಯ ರವೆ ಗೋಧಿಯದೇ. ಹೋಳಿಗೆಯ ಕಣಕ, ಬಿಸ್ಕತ್ತು, ಗೋಬಿ ಮಂಚೂರಿಯ ಮೈದಾ ಎಲ್ಲವೂ ಗೋಧಿಯೇ. ಅಂಗಡಿಯ ಇಂಗಿಗೆ ಹಲವು ಬಾರಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಕೆಲವು ಮಾಲ್ಟ್ ಪುಡಿಗಳಲ್ಲಿ ಬಾರ್ಲಿ ಇರುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿಸಿದರೆ ಗೋಧಿ ಹಿಟ್ಟು ಅದರಲ್ಲಿ ಸೇರಿಕೊಳ್ಳುತ್ತದೆ. ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇರುವ ಆಹಾರವನ್ನು ಗ್ಲೂಟೆನ್‌ರಹಿತವೆಂದು ಮಾರುವಂತಿಲ್ಲ ಎಂಬ ನಿಯಮವಿದೆ ಎಂದರೆ ಎಚ್ಚರ ಎಷ್ಟಿರಬೇಕೆಂದು ಊಹಿಸಿ.

ಗೆಳೆಯರು ಮಾಡಬಹುದಾದ್ದು

ಪಥ್ಯ ಮುರಿಯುವುದು ಹೆಚ್ಚಾಗಿ ಮನೆಯಲ್ಲಲ್ಲ. ಶಾಲೆಯಲ್ಲಿ, ಮದುವೆಯಲ್ಲಿ, ಹುಟ್ಟುಹಬ್ಬದಲ್ಲಿ. "ಒಂದು ತುಂಡು ಕೇಕ್ ತಿಂದರೆ ಏನಾಗುತ್ತದೆ?" ಎನ್ನುತ್ತೇವೆ. ಹೊಟ್ಟೆನೋವು ಬಾರದೆಯೂ ಇರಬಹುದು. ಆದರೆ ಅಂಥ ತುಂಡುಗಳು ಪದೇ ಪದೇ ಒಳಹೊಕ್ಕರೆ ಕರುಳಿನಲ್ಲಿ ಸದ್ದಿಲ್ಲದೆ ಉರಿಯೂತ ಮುಂದುವರಿಯುತ್ತದೆ; ಮೂಳೆಯ ಖಾತೆಯಲ್ಲಿ ಜಮೆ ನಿಲ್ಲುತ್ತದೆ. ಕೂಡಿಡುವ ವಯಸ್ಸು ಕಳೆದ ಮೇಲೆ ಆ ನಷ್ಟ ತುಂಬುವುದು ಕಷ್ಟ. ನಿಮ್ಮ ತರಗತಿಯಲ್ಲಿ ಅಂಥ ಗೆಳೆಯನೋ ಗೆಳತಿಯೋ ಇದ್ದರೆ ಒತ್ತಾಯಿಸಬೇಡಿ, ಹಾಸ್ಯ ಮಾಡಬೇಡಿ. ಹಂಚಿ ತಿನ್ನುವ ಆಸೆಯಿದ್ದರೆ ಕಡಲೆಮಿಠಾಯಿಯೋ ಬಾಳೆಹಣ್ಣೋ ತನ್ನಿ. ಎಲ್ಲರೂ ಒಟ್ಟಿಗೆ ತಿನ್ನಬಹುದು.

ನೆನಪಿಡಿ

* ಸೀಲಿಯಾಕ್ ಇಲ್ಲದವರು ಇದನ್ನು ಓದಿ ಗೋಧಿ ಬಿಡಬೇಕಾಗಿಲ್ಲ.
* ಸಂಶಯವಿದ್ದರೆ ಮೊದಲು ಪರೀಕ್ಷೆ, ಆಮೇಲೆ ಪಥ್ಯ.
* ಕ್ಯಾಲ್ಸಿಯಂ ಮಾತ್ರೆ ಪಥ್ಯಕ್ಕೆ ಬದಲಿಯಲ್ಲ. ಕರುಳು ವಾಸಿಯಾದರೇನೇ ಮೂಳೆಗೆ ಅದರ ಪಾಲು ಸಿಗುವುದು.
* ಅಂಗಡಿಯ ಪೊಟ್ಟಣ ಕೊಳ್ಳುವ ಮುನ್ನ ಅದರ ಮೇಲಿನ ಬರಹ ಓದಿ.