‘ಆಸ್ಕ್’ ಎಂಬ ಇಂಗ್ಲಿಷ್ ಕ್ರಿಯಾಪದವೂ ಅದರ ಪರ್ಯಾಯಪದಗಳೂ

ಇಂಗ್ಲಿಷಿನಲ್ಲಿ ‘ಆಸ್ಕ್’ ಎಂಬುದು ಬಾಲಪಾಠಗಳಲ್ಲಿಯೇ ಬರುವ ಸಣ್ಣ ಕ್ರಿಯಾಪದ. ಅದಕ್ಕೆ ‘ಕೇಳು’ ಎಂದು ಒಂದೇ ಮಾತಿನಲ್ಲಿ ಅರ್ಥ ಹೇಳಿ ಮುಂದೆ ಸಾಗುವುದು ನಮ್ಮ ಪಾಠಶಾಲೆಗಳ ವಾಡಿಕೆ. ಈ ಅರ್ಥವು ತಪ್ಪಲ್ಲ, ಆದರೆ ಸಾಲದು. ‘ಆಸ್ಕ್’, ‘ಇನ್‌ಕ್ವಾಯರ್’, ‘ರಿಕ್ವೆಸ್ಟ್’, ‘ಬೆಗ್’, ‘ಡಿಮ್ಯಾಂಡ್’, ‘ರಿಕ್ವಾಯರ್’ ಎಂಬಿವು ಪರ್ಯಾಯಪದಗಳೆಂದು ಕೋಶಗಳಲ್ಲಿ ಒಟ್ಟಿಗೆ ಕಂಡರೂ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಡಲು ಬರುವುದಿಲ್ಲ. ಇವುಗಳ ಭೇದವನ್ನು ಅರಿಯುವುದಕ್ಕೆ ನಮ್ಮ ವ್ಯಾಕರಣಶಾಸ್ತ್ರದಲ್ಲಿಯೇ ಒಂದು ಅಳತೆಗೋಲು ಉಂಟೆಂಬುದನ್ನು ವಿದ್ವಾಂಸರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ವ್ಯುತ್ಪತ್ತಿಯನ್ನು ನೋಡೋಣ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಆಸ್ಕಿಯನ್’ ಎಂದೂ, ಸಕಾರ ಕಕಾರಗಳು ಸ್ಥಾನ ಬದಲಿಸಿದ ‘ಆಕ್ಸಿಯನ್’ ಎಂದೂ ಎರಡು ರೂಪಗಳಿದ್ದುವು. 1400ರಲ್ಲಿ ತೀರಿಕೊಂಡ ಚಾಸರ್ ಕವಿಯ ಕಾವ್ಯಗಳಲ್ಲಿಯೂ 1535ರ ಕವರ್‌ಡೇಲನ ಬೈಬಲ್ ಭಾಷಾಂತರದಲ್ಲಿಯೂ ‘ಆಕ್ಸ್’ ಎಂಬ ರೂಪವು ದೊರೆಯುತ್ತದೆ. ಇಂದು ಆ ಉಚ್ಚಾರಣೆಯನ್ನು ಗ್ರಾಮ್ಯವೆಂದು ಹಳಿಯುವವರು ಅದರ ಪ್ರಾಚೀನತೆಯನ್ನು ಮರೆತಿರುತ್ತಾರೆ. ಹಿಂಸಾರ್ಥಕ ಧಾತುವಿನಿಂದ ‘ಸಿಂಹ’ ಶಬ್ದವನ್ನು ಸಾಧಿಸುವ ನಮ್ಮವರಿಗೆ ಈ ವರ್ಣವ್ಯತ್ಯಯವು ಹೊಸದಲ್ಲ. ಭಾಷಾಶಾಸ್ತ್ರಜ್ಞರ ಮತದಂತೆ ‘ಆಸ್ಕ್’ ಎಂಬುದು ಸಂಸ್ಕೃತದ ‘ಇಚ್ಛತಿ’ಗೆ ಜ್ಞಾತಿ. ಸಂಸ್ಕೃತದಲ್ಲಿ ಪ್ರಶ್ನಾರ್ಥದ ‘ಪೃಚ್ಛತಿ’ಯ ಜ್ಞಾತಿಯಾದರೋ ಲ್ಯಾಟಿನ್ ಭಾಷೆಯ ಮೂಲಕ ಇಂಗ್ಲಿಷನ್ನು ಸೇರಿ ‘ಪ್ರೇ’ ಎಂದಾಗಿದೆ. ಹೀಗೆ ನಮ್ಮ ಇಚ್ಛೆಯು ಅಲ್ಲಿ ಪ್ರಶ್ನೆಯಾಯಿತು. ನಮ್ಮ ಪ್ರಶ್ನೆಯು ಅಲ್ಲಿ ಪ್ರಾರ್ಥನೆಯಾಯಿತು.

ಪ್ರಯೋಗದಲ್ಲಿ ಈ ಪದಕ್ಕೆ ನಾಲ್ಕು ಅರ್ಥಗಳು ಮುಖ್ಯ. ಪ್ರಶ್ನೆಯು ಮೊದಲನೆಯದು, ಯಾಚನೆಯು ಎರಡನೆಯದು. ಸಂಸ್ಕೃತದಲ್ಲಿ ಪ್ರಚ್ಛ್, ಯಾಚ್ ಎಂಬ ಎರಡು ಧಾತುಗಳೂ ದ್ವಿಕರ್ಮಕಗಳು. ಕನ್ನಡದ ‘ಕೇಳು’ ಸಹ ಹಾಗೆಯೇ: ‘ಅವನನ್ನು ದಾರಿ ಕೇಳಿದೆನು’, ‘ಅವನನ್ನು ಹಣ ಕೇಳಿದೆನು’. ಇಂಗ್ಲಿಷಾದರೋ ಪ್ರಶ್ನಾರ್ಥದಲ್ಲಿ ಎರಡು ಕರ್ಮಗಳನ್ನು ಸಹಿಸಿ, ವಸ್ತುವನ್ನು ಯಾಚಿಸುವಾಗ ಸಾಮಾನ್ಯವಾಗಿ ಆ ವಸ್ತುವಿನ ಮುಂದೆ ‘ಫಾರ್’ ಎಂಬ ಶಬ್ದವನ್ನು ಅಪೇಕ್ಷಿಸುತ್ತದೆ. ನಮ್ಮ ವಿದ್ಯಾರ್ಥಿಗಳು ಹಣವನ್ನು ಕೇಳುವಾಗ ಈ ‘ಫಾರ್’ ಅನ್ನು ಬಿಡುವುದು ಅಜ್ಞಾನದಿಂದಲ್ಲ, ತಾಯ್ನುಡಿಯ ಕಾರಕಸಂಸ್ಕಾರದಿಂದ. ಕಾರಣವನ್ನು ಹೇಳಿ ತಿದ್ದಿದರೆ ಆ ತಪ್ಪು ಮರುಕಳಿಸದು.

ಮೂರನೆಯದು ಆಹ್ವಾನ. ಒಬ್ಬನು ಮತ್ತೊಬ್ಬನನ್ನು ಭೋಜನಕ್ಕೆ ‘ಆಸ್ಕ್’ ಮಾಡಿದನೆಂದರೆ ಊಟಕ್ಕೆ ಕರೆದನೆಂದು ಅರ್ಥ. ಇದನ್ನು ‘ಊಟ ಕೇಳಿದನು’ ಎಂದು ಭಾಷಾಂತರಿಸಿದರೆ ಅತಿಥೇಯನು ಭಿಕ್ಷುಕನಾಗುತ್ತಾನೆ. ನಾಲ್ಕನೆಯದು ಬೆಲೆಯ ವಿಷಯ. ಇಂಗ್ಲಿಷಿನಲ್ಲಿ ಬೆಲೆಯನ್ನು ‘ಆಸ್ಕ್’ ಮಾಡುವವನು ಮಾರುವವನು. ನಮ್ಮ ಸಂತೆಯಲ್ಲಿ ಮಾರುವವನು ಬೆಲೆ ಹೇಳುತ್ತಾನೆ. ಕೊಳ್ಳುವವನು ಇಷ್ಟಕ್ಕೆ ಕೊಡುವೆಯಾ ಎಂದು ಕೇಳುತ್ತಾನೆ. ಆದುದರಿಂದ ಇಂಗ್ಲಿಷಿನವರ ‘ಆಸ್ಕಿಂಗ್ ಪ್ರೈಸ್’ ಎಂಬುದು ಕನ್ನಡದಲ್ಲಿ ಕೇಳಿದ ಬೆಲೆಯಲ್ಲ, ಹೇಳಿದ ಬೆಲೆ.

ಇನ್ನು ಅಳತೆಗೋಲಿನ ಮಾತು. ಅಷ್ಟಾಧ್ಯಾಯಿಯ 3ನೆಯ ಅಧ್ಯಾಯದ 3ನೆಯ ಪಾದದ 161ನೆಯ ಸೂತ್ರದಲ್ಲಿ ಪಾಣಿನಿಯು ಲಿಙ್ ಪ್ರತ್ಯಯಕ್ಕೆ ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನ ಎಂಬ ಆರು ಅರ್ಥಗಳನ್ನು ವಿಧಿಸಿದ್ದಾನೆ. ವ್ಯಾಖ್ಯಾನಕಾರರ ವಿವರಣೆಯಂತೆ ವಿಧಿಯು ಆಜ್ಞೆ, ನಿಮಂತ್ರಣವು ಒಲ್ಲೆನೆನ್ನಲಾಗದ ಕರೆ, ಆಮಂತ್ರಣದಲ್ಲಿ ಬರುವುದೂ ಬಿಡುವುದೂ ಕರೆಸಿಕೊಂಡವನ ಇಚ್ಛೆ, ಅಧೀಷ್ಟವು ಸತ್ಕಾರಪೂರ್ವಕವಾಗಿ ಒಬ್ಬನನ್ನು ಕಾರ್ಯಕ್ಕೆ ತೊಡಗಿಸುವುದು, ಸಂಪ್ರಶ್ನವು ಹೀಗೆ ಮಾಡಲೋ ಹಾಗೆ ಮಾಡಲೋ ಎಂಬ ವಿಚಾರಣೆ, ಪ್ರಾರ್ಥನವು ಯಾಚನೆ. ಈ ವಿಭಾಗದ ಒಳಗಿನ ತತ್ತ್ವವೇನು? ‘ಇಲ್ಲ’ ಎನ್ನುವ ಸ್ವಾತಂತ್ರ್ಯವು ಕೇಳಿಸಿಕೊಂಡವನಿಗೆ ಉಂಟೇ, ಇಲ್ಲವೇ ಎಂಬುದೇ ಅದರ ತಿರುಳೆಂದು ನನಗೆ ತೋರುತ್ತದೆ.

ಇಂಗ್ಲಿಷ್ ಪದಗಳಿಗೂ ಇದೇ ಅಳತೆ ಸಲ್ಲುತ್ತದೆ. ‘ಇನ್‌ಕ್ವಾಯರ್’ ಎಂಬುದು ವಿಷಯವನ್ನು ಮಾತ್ರ ವಿಚಾರಿಸುತ್ತದೆ, ವಸ್ತುವನ್ನು ಬೇಡುವುದಿಲ್ಲ. ‘ಬೆಗ್’ ಎನ್ನುವವನಿಗೆ ಹಕ್ಕಿಲ್ಲ. ನಿರಾಕರಣೆಯು ಪೂರ್ಣವಾಗಿ ಎದುರಿನವನ ಅಧೀನ. ‘ಡಿಮ್ಯಾಂಡ್’ ಎಂಬುದರ ಜ್ಞಾತಿಯು ಫ್ರೆಂಚ್ ಭಾಷೆಯಲ್ಲಿ ಇಂದಿಗೂ ಬರಿಯ ಕೇಳುವಿಕೆ. ಇಂಗ್ಲಿಷಿನಲ್ಲಿ ಅದು ನ್ಯಾಯಸ್ಥಾನಗಳ ಬಳಕೆಯಿಂದ ಹಕ್ಕಿನ ಬಲವನ್ನು ಪಡೆಯಿತು. ‘ರಿಕ್ವೆಸ್ಟ್’, ‘ರಿಕ್ವಾಯರ್’ ಎಂಬಿವು ಒಂದೇ ಲ್ಯಾಟಿನ್ ಮೂಲದ ಮಕ್ಕಳು. ಒಂದು ವಿನಯವನ್ನು ಕಲಿತಿತು, ಮತ್ತೊಂದು ಅಧಿಕಾರವನ್ನು ಕಲಿತಿತು.

ಆದರೆ ಆ ವಿನಯವನ್ನು ನಂಬುವಂತಿಲ್ಲ. ಹಲವು ವರ್ಷಗಳ ಹಿಂದೆ ನೆರೆಮನೆಯ ವೃದ್ಧೆಯೊಬ್ಬರು ಒಂದು ಕಾರ್ಯಾಲಯದಿಂದ ಬಂದ ಇಂಗ್ಲಿಷ್ ಪತ್ರವನ್ನು ನನ್ನಲ್ಲಿಗೆ ತಂದರು. ಇಂಥ ದಿನದೊಳಗೆ ದಾಖಲೆಗಳನ್ನು ಒಪ್ಪಿಸುವಂತೆ ಅದರಲ್ಲಿ ‘ರಿಕ್ವೆಸ್ಟ್’ ಮಾಡಿದ್ದರು. ಕೋಶದ ಅರ್ಥವನ್ನೇ ನಂಬಿದ್ದ ನಾನು, ಇದು ಅವರ ವಿನಂತಿ, ಅನುಕೂಲವಾದಾಗ ಹೋಗಬಹುದು ಎಂದೆನು. ಅವಧಿ ಮೀರಿತು, ಕೆಲವು ತಿಂಗಳು ಅವರ ವಿಶ್ರಾಂತಿವೇತನವು ನಿಂತಿತು. “ಶಾಸ್ತ್ರಿಗಳೇ, ಅವರು ಬೇಡಿಕೊಂಡಿದ್ದಾರೆ ಎಂದವರು ನೀವೇ ಅಲ್ಲವೆ?” ಎಂದು ಆ ತಾಯಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಪದವು ರೂಪದಲ್ಲಿ ಅಧೀಷ್ಟ, ಫಲದಲ್ಲಿ ವಿಧಿ. ಪಾಣಿನಿಯನ್ನು ಓದಿಯೂ ನಾನು ಅದನ್ನು ಕಾಣಲಿಲ್ಲ.

ಇದಕ್ಕೆ ವಿಪರ್ಯಾಸವಾದ ಉದಾಹರಣೆ ನಮ್ಮ ‘ಬೇಡಿಕೆ’. ‘ಡಿಮ್ಯಾಂಡ್’ ಎಂಬುದಕ್ಕೆ ಸಂವಾದಿಯಾಗಿ ಈ ಪದವು ಅರ್ಥಶಾಸ್ತ್ರದಲ್ಲಿಯೂ ಕಾರ್ಮಿಕರ ವ್ಯವಹಾರದಲ್ಲಿಯೂ ನೆಲೆಗೊಂಡಿದೆ. ಹಕ್ಕಿನಿಂದ ಕೇಳುವವನ ಮಾತಿಗೆ ಬೇಡುವವನ ಧಾತು ದೊರೆತಿದೆ. ಯೋಗಕ್ಕಿಂತ ರೂಢಿಯು ಬಲವತ್ತರವಾದುದರಿಂದ ಅದನ್ನು ಈಗ ಕದಲಿಸಬೇಕಾಗಿಲ್ಲ. ‘ಹಕ್ಕೊತ್ತಾಯ’ವೆಂಬ ಹೊಸ ಪದವನ್ನು ಕೆಲವರು ಬಳಸುತ್ತಿರುವುದಾದರೂ ಈ ಕೊರತೆಯನ್ನು ಜನರು ಅರಿತಿರುವುದಕ್ಕೆ ಸಾಕ್ಷಿ.

‘ಕೇಳು’ ಎಂಬುದರ ಗುಣವೊಂದನ್ನು ಹೇಳಿ ಮುಗಿಸುತ್ತೇನೆ. ತೆಲುಗಿನಲ್ಲಿ ಆಲಿಸುವುದಕ್ಕೆ ‘ವಿನು’, ಪ್ರಶ್ನಿಸುವುದಕ್ಕೆ ‘ಅಡುಗು’ ಎಂದು ಬೇರೆ ಬೇರೆ ಧಾತುಗಳಿವೆ. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಎರಡಕ್ಕೂ ಒಂದೇ. ‘ಗುರುವನ್ನು ಕೇಳಿದನು’ ಎಂದರೆ ಪ್ರಶ್ನೆ. ‘ಗುರುವಿನ ಮಾತನ್ನು ಕೇಳಿದನು’ ಎಂದರೆ ಶ್ರವಣ, ಪಾಲನೆಯೂ ಹೌದು. ಇಷ್ಟು ವಿಶಾಲವಾದ ಧಾತುವನ್ನು ‘ಆಸ್ಕ್’ ಕಂಡಲ್ಲೆಲ್ಲ ಇಡುವ ಮೊದಲು, ಕೇಳುವವನಾರು, ಕೇಳಿಸಿಕೊಂಡವನು ಒಲ್ಲೆನೆನ್ನಬಹುದೇ ಎಂಬೆರಡನ್ನು ವಿಚಾರಿಸುವ ಅಭ್ಯಾಸವನ್ನು ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಮಾಡಿಸಿದರೆ ಲೇಸು. ಇಲ್ಲಿ ದೋಷಗಳಿದ್ದರೆ ಬಲ್ಲವರು ತಿದ್ದಬೇಕೆಂದು ಬಿನ್ನವಿಸುತ್ತೇನೆ; ಇದು ಮಾತ್ರ ಎರಡರ್ಥವಿಲ್ಲದ ಪ್ರಾರ್ಥನೆ.