ಗದಗಿನ ಗವಾಯಿಗಳವರ ವಿದ್ಯಾದಾನ

ನಮ್ಮ ನಾಡಿನಲ್ಲಿ ಗಾಯಕರನ್ನು ಕೊಂಡಾಡುವವರು ಅನೇಕರುಂಟು. ಅವರನ್ನು ಸಿದ್ಧಪಡಿಸಿದ ಗುರುವನ್ನು ನೆನೆಯುವವರು ವಿರಳ. ಆದುದರಿಂದ ಗದಗಿನ ಶ್ರೀ ಪಂಚಾಕ್ಷರಿ ಗವಾಯಿಗಳವರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಗವಾಯಿಗಳವರು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಗದಿಗೆಯ್ಯನೆಂಬುದು ಪೂರ್ವನಾಮ. ಬಡ ಮನೆತನ, ಹುಟ್ಟುಗುರುಡು. ಅಂಥ ಬಾಲಕರಿಗೆ ಭಿಕ್ಷೆಯ ಹೊರತು ಬೇರೆ ದಾರಿಯಿಲ್ಲವೆಂದು ಜನರು ನಂಬಿದ್ದ ಕಾಲವದು. ಆದರೆ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು ಬಾಲಕನ ಕಂಠವನ್ನು ಗುರುತಿಸಿ ಆಶ್ರಯವಿತ್ತರು. ಅವರ ಕೃಪೆಯಿಂದ ಗವಾಯಿಗಳವರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮುಂದೆ ಮಿರಜಿನ ನೀಲಕಂಠ ಬುವಾ ಹಾಗೂ ಕಿರಾಣಾ ಘರಾಣೆಯ ಉಸ್ತಾದ ವಹೀದ ಖಾನರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಸಿಸಿದರು.

ಇಷ್ಟು ಶ್ರಮದಿಂದ ಗಳಿಸಿದ ವಿದ್ಯೆಯನ್ನು ಮನೆತನದ ಗುಟ್ಟಿನಂತೆ ಕಾಯ್ದಿಡುವ ಉಸ್ತಾದರು ಆಗ ಕಡಿಮೆಯಿರಲಿಲ್ಲ. ಗವಾಯಿಗಳವರು ಅದನ್ನು ಬಡವರಿಗೂ ಅಂಧರಿಗೂ ಉಚಿತವಾಗಿ ಹಂಚಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಾಠದೊಡನೆ ಅನ್ನವೂ ವಸತಿಯೂ ದೊರೆಯುತ್ತಿದ್ದವು. ಹಸಿದ ಹೊಟ್ಟೆಯಿಂದ ಷಡ್ಜವು ನಿಲ್ಲಲಾರದೆಂಬುದನ್ನು ಅವರು ಸ್ವಂತ ಬಾಲ್ಯದಿಂದಲೇ ಬಲ್ಲವರಾಗಿದ್ದರೆಂದು ಬೇರೆ ಹೇಳಬೇಕೆ? ಬಸವರಾಜ ರಾಜಗುರುಗಳೂ ಸಿದ್ಧರಾಮ ಜಂಬಲದಿನ್ನಿಯವರೂ ಈ ಗುರುವಿನ ಶಿಷ್ಯರೇ.

1944ರಲ್ಲಿ ಗವಾಯಿಗಳವರು ಲಿಂಗೈಕ್ಯರಾದಾಗ ಆಶ್ರಮದ ಹೊಣೆಯು ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಆಗ ಅವರ ವಯಸ್ಸು 30. ಅವರು ನಾಟಕ ಕಂಪನಿಯನ್ನು ನಡೆಸಿ, ಊರೂರು ತಿರುಗಿ, ಆ ಉತ್ಪನ್ನದಿಂದ ಮಕ್ಕಳಿಗೆ ಅನ್ನವಿಕ್ಕಿದರು. 2010ರಲ್ಲಿ ಕಾಲವಾಗುವವರೆಗೆ, ಅಂದರೆ 66 ವರ್ಷ, ಆ ಹೊಣೆಯನ್ನು ಇಳಿಸಲಿಲ್ಲ. ಪದ್ಮಭೂಷಣ ಪ್ರಶಸ್ತಿಯು ಅವರಿಗೆ ಬಂದುದು ಅದೇ ಕೊನೆಯ ವರ್ಷದಲ್ಲಿ.

ಇಲ್ಲಿ ನಾವು ಯೋಚಿಸತಕ್ಕ ಮಾತೊಂದಿದೆ. ಶಿಷ್ಯನು ಪ್ರಸಿದ್ಧನಾದ ಬಳಿಕ ಶಾಲು ಹೊದಿಸಲು ಪಟ್ಟಣಿಗರೂ ಅಧಿಕಾರಿಗಳೂ ಮುಂದಾಗುತ್ತಾರೆ. ಆತನು ಹೆಸರಿಲ್ಲದ ಬಾಲಕನಾಗಿದ್ದಾಗ ಅನ್ನದ ಖರ್ಚನ್ನು ಹೊತ್ತವನು ಗುರುವೊಬ್ಬನೇ. ಕಚೇರಿಯ ಸುಖವನ್ನು ಅನುಭವಿಸುವ ನಾವು ಆ ಖರ್ಚಿನಲ್ಲಿಯೂ ಪಾಲುಗಾರರಾಗಬೇಕು. ನಮ್ಮ ಊರಿನ ಸಂಗೀತ ಪಾಠಶಾಲೆಗೆ ತಿಂಗಳಿಗೊಮ್ಮೆ ಒಂದು ಚೀಲ ಜೋಳವನ್ನು ಕಳಿಸುವುದೂ ಗುರುಪೂಜೆಯೇ ಎಂಬುದು ನಮ್ಮ ಅಭಿಪ್ರಾಯ.