ಹಳೇ ಕಾರು ತಗೊಂಡು ಮೋಸ ಹೋದ್ರಾ? ಕಾನೂನಿನಲ್ಲಿ ದಾರಿ ಇದೆ

ಪರಿಚಯದವರಿಂದ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ವಾರದೊಳಗೆ ಇಂಜಿನ್ ಕೈಕೊಟ್ಟರೆ ಏನು ಮಾಡಬೇಕು? ತುಂಬಾ ಜನ ಮೊದಲು ಹೇಳೋದು ಗ್ರಾಹಕರ ಆಯೋಗ. ಆದರೆ ಅಲ್ಲಿ ದೂರು ನಡೆಯೋದು ಕಾರು ಮಾರಾಟವೇ ಕಸುಬಾಗಿರುವ ಡೀಲರ್ ಮೇಲೆ. ಸ್ವಂತ ಕಾರು ಮಾರಿದ ಖಾಸಗಿ ವ್ಯಕ್ತಿ ಮೇಲೆ ಸಾಮಾನ್ಯವಾಗಿ ನಡೆಯಲ್ಲ.

ಮಾರಿದವರು ಸುಳ್ಳು ಹೇಳಿದ್ರಾ?

ಇಡೀ ಕೇಸು ನಿಲ್ಲೋದು ಇದರ ಮೇಲೆ. ಗಾಡಿ ಹಳೇದಾಗಿ ಸವೆದು ಕೆಟ್ಟಿದ್ದರೆ, ‘ನೋಡಿ ತಗೋಬೇಕಿತ್ತು’ ಅನ್ನುತ್ತೆ ಕಾನೂನು. ಆದರೆ ಕಿಲೋಮೀಟರ್ ರೀಡಿಂಗ್ ತಿರುಚಿದ್ದರೆ, ಆಕ್ಸಿಡೆಂಟ್ ಆಗೇ ಇಲ್ಲ ಅಂತ ನಂಬಿಸಿದ್ದರೆ, 1872ರ ಕರಾರು ಕಾಯ್ದೆಯಡಿ ವ್ಯವಹಾರ ರದ್ದುಪಡಿಸಿ ಹಣ ವಾಪಸ್ ಕೇಳಬಹುದು.

ಏನು ಮಾಡಬೇಕು?

* ತಕ್ಷಣ ರಿಪೇರಿ ಮಾಡಿಸಬೇಡಿ, ಸಾಕ್ಷಿ ಹೋಗುತ್ತೆ. ಮೆಕ್ಯಾನಿಕ್ ಹತ್ರ ದೋಷ ಏನೆಂದು ಬರೆಸಿಕೊಳ್ಳಿ, ಫೋಟೋ ತೆಗೀರಿ.
* ವಾಟ್ಸಾಪ್ ಮೆಸೇಜು, ಹಣ ಕಳಿಸಿದ ದಾಖಲೆ ಡಿಲೀಟ್ ಮಾಡಬೇಡಿ.
* ವಕೀಲರಿಂದ ನೋಟಿಸ್ ಕೊಡಿಸಿ. ಬಗ್ಗದಿದ್ದರೆ ಸಿವಿಲ್ ದಾವೆ. ಮೋಸ ಗೊತ್ತಾದ 3 ವರ್ಷದೊಳಗೆ ಹೂಡಬೇಕು.
* ಬೇಕಂತಲೇ ವಂಚಿಸಿದ್ದರೆ ಭಾರತೀಯ ನ್ಯಾಯ ಸಂಹಿತೆ 318ರಡಿ ಪೊಲೀಸರಿಗೆ ದೂರು ಕೊಡಬಹುದು. ಕದ್ದ ಗಾಡಿ ಅಂತ ಗೊತ್ತಾದರೆ ಸೀದಾ ಠಾಣೆಗೆ ಹೋಗಿ.

ವಕೀಲರ ಫೀಸಿಗೆ ಕಷ್ಟ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿಯವರಿಗೆ ನೆರವು ಉಚಿತ. ಸಹಾಯವಾಣಿ: 15100.